ಪ್ರಶ್ನೆ ಅವರದ್ದು, ಬಾಯಿ ನಮ್ಮದು

ಒಂದೇ ಒಂದು ‘ಯು’ ನಮ್ಮ ಟೀಮಿನ ಮೂರು ಕೆಲಸದ ದಿನಗಳನ್ನು ನುಂಗಿ ಹಾಕಿತ್ತು. ಬರೆದವಳು ನಾನೇ.

ಆಗ ನಾನು ಬೆಂಗಳೂರಿನ ಕಂಪನಿಯೊಂದಕ್ಕೆ ಸೇರಿ ಎಂಟು ತಿಂಗಳಾಗಿತ್ತು. ಹತ್ತನೇ ಕ್ಲಾಸಿನವರೆಗೆ ಅಪ್ಪಟ ಕನ್ನಡ ಮೀಡಿಯಂ. ಆಮೇಲೆ ಪಿಯುಸಿ, ಡಿಗ್ರಿ ಎಲ್ಲಾ ಇಂಗ್ಲಿಷಿನಲ್ಲೇ ಓದಿದ್ದರಿಂದ ‘ನನ್ನ ಇಂಗ್ಲಿಷ್ ಪರವಾಗಿಲ್ಲ’ ಅನ್ನೋ ಧೈರ್ಯವೂ ಇತ್ತು. ನನ್ನ ಕೆಲಸಗಳಲ್ಲಿ ಒಂದು ಮಿನಿಟ್ಸ್ ಬರೆಯುವುದು. ಹೊರದೇಶದ ಗ್ರಾಹಕರ ಜೊತೆ ನಮ್ಮವರು ಕಾಲ್‌ನಲ್ಲಿ ಮಾತಾಡುವಾಗ ಸುಮ್ಮನೆ ಕೂತು ಯಾರು ಏನು ಹೇಳಿದರು, ಯಾರು ಏನು ಕೇಳಿದರು ಅಂತ ಬರೆದುಕೊಳ್ಳಬೇಕು. ಕಾಲ್ ಮುಗಿದ ಮೇಲೆ ಅದನ್ನು ಗ್ರಾಹಕರಿಗೆ ಮೇಲ್ ಮಾಡಿ ನಮ್ಮವರಿಗೂ ಒಂದು ಪ್ರತಿ ಹಾಕಬೇಕು.

ಒಂದು ಗುರುವಾರ ಸಂಜೆಯ ಕಾಲ್. ಆ ಕಡೆಯ ಮೇಡಂ ನಮ್ಮವರನ್ನು ಕೇಳಿದರು:

‘ವೆನ್ ವಿಲ್ ಯು ಸೆಂಡ್ ದ ಫೈಲ್?’

ನೋಡಿ ಹೇಳ್ತೀವಿ ಅಂದರು ನಮ್ಮವರು. ನಾನು ಅದನ್ನು ಶ್ರದ್ಧೆಯಿಂದ ಬರೆದು ಗ್ರಾಹಕರಿಗೆ ಮೇಲ್ ಹಾಕಿದೆ:

‘ಯು ಆಸ್ಕ್ಡ್ ವೆನ್ ವಿಲ್ ಯು ಸೆಂಡ್ ದ ಫೈಲ್. ದಿಸ್ ಈಸ್ ಪೆಂಡಿಂಗ್.’

ನನ್ನ ತಲೆಯಲ್ಲಿ ಇದ್ದ ಕನ್ನಡ ಹೀಗಿತ್ತು: ‘ಫೈಲ್ ಯಾವಾಗ ಕಳಿಸ್ತೀರಿ ಅಂತ ಕೇಳಿದ್ರಿ. ಅದು ಬಾಕಿ ಇದೆ.’ ಎಷ್ಟು ಸ್ಪಷ್ಟ! ಆದರೆ ಆ ಕಡೆಯ ಮೇಡಂಗೆ ಕನ್ನಡ ಬರುವುದಿಲ್ಲ. ಆಕೆ ಓದಿದ್ದು ಇಂಗ್ಲಿಷ್ ಮಾತ್ರ. ಮೇಲ್ ಬಂದಿರುವುದು ಆಕೆಗೆ, ಹಾಗಾಗಿ ಅದರಲ್ಲಿರುವ ‘ಯು’ ಕೂಡ ಆಕೆಯೇ. ಅಂದರೆ ಫೈಲ್ ಕಳಿಸಬೇಕಾದವರು ತಾವೇ! ಅವರ ಕಡೆಯಿಂದಲೂ ಒಂದು ಡೇಟಾ ಫೈಲ್ ಬರಬೇಕಿತ್ತು, ಅವಸರದ್ದೇನಲ್ಲ. ಇವರಿಗೆ ಮೊದಲು ಅದು ಬೇಕೇನೋ ಅಂದುಕೊಂಡು ಅದನ್ನು ಸಿದ್ಧ ಮಾಡಲು ಕೂತರು. ಇತ್ತ ನಮ್ಮ ಫೈಲ್ ತಯಾರು ಮಾಡಬೇಕಿದ್ದ ಹುಡುಗ ಆ ಕಾಲ್‌ನಲ್ಲಿ ಇರಲಿಲ್ಲ. ಅವನೂ ಅದೇ ಮೇಲ್ ಓದಿ, ಮೊದಲು ಅವರದ್ದು ಬರಲಿ ಅಂತ ಕಾದ.

ಶುಕ್ರವಾರ ಹೋಯಿತು. ಶನಿವಾರ, ಭಾನುವಾರ ರಜೆ. ಸೋಮವಾರ ಹೋಯಿತು, ಮಂಗಳವಾರವೂ ಹೋಯಿತು. ಬುಧವಾರ ಬೆಳಿಗ್ಗೆ ಮ್ಯಾನೇಜರ್ ಕ್ಯಾಬಿನ್ನಿನಲ್ಲಿ ಆ ಹುಡುಗ ತಲೆ ತಗ್ಗಿಸಿ ನಿಂತಿದ್ದ. ಕೆಲಸಕ್ಕೆ ಸೇರಿ ಇನ್ನೂ ಮೂರು ತಿಂಗಳು, ಮುಂದಿನ ವಾರ ಅವನ ರಿವ್ಯೂ. ‘ಮೇಲ್‌ನಲ್ಲಿ ಹಾಗೆ ಇತ್ತು’ ಅಂತ ಅವನು ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ತನಗೇ ಇಂಗ್ಲಿಷ್ ಸರಿಯಾಗಿ ಅರ್ಥವಾಗಲಿಲ್ಲ ಅಂದುಕೊಂಡುಬಿಟ್ಟಿದ್ದ ಪಾಪ.

ಆ ರಾತ್ರಿ ಪಿಜಿಯಲ್ಲಿ ಕೂತು ನನ್ನ ಮೇಲ್ ನಾನೇ ತೆಗೆದು ಓದಿದೆ. ಎರಡನೇ ಸಲ ಓದಿದಾಗ ಹೊಟ್ಟೆಯಲ್ಲಿ ಕಲ್ಲು ಬಿದ್ದ ಹಾಗಾಯಿತು. ಮಾರನೇ ದಿನ ಮ್ಯಾನೇಜರ್ ಹತ್ತಿರ ಹೋಗಿ, ತಪ್ಪು ಅವನದಲ್ಲ ನನ್ನದು ಅಂತ ಹೇಳಿದೆ. ಅವರು ಮೇಲ್ ಓದಿದರು, ನಕ್ಕರು, ಆಮೇಲೆ ನಗು ನಿಲ್ಲಿಸಿ ‘ಇದನ್ನ ಕಲ್ತ್ಕೊ’ ಅಂದರು. ಆ ಹುಡುಗನ ರಿವ್ಯೂನಲ್ಲಿ ಆ ವಿಷಯ ಬರದ ಹಾಗೆ ನೋಡಿಕೊಂಡರು. ಅಷ್ಟಕ್ಕೇ ಮುಗಿಯಿತು. ಆದರೆ ನನಗೆ ಮುಗಿಯಲಿಲ್ಲ.

ಪೂರ್ತಿ ಅಂಕ ಬಂದಿತ್ತಲ್ಲ!

ನನಗೆ ಬೇಜಾರಾಗಿದ್ದು ಇದಕ್ಕೆ. ಡೈರೆಕ್ಟ್ ಸ್ಪೀಚನ್ನು ಇನ್‌ಡೈರೆಕ್ಟ್ ಸ್ಪೀಚ್ ಮಾಡೋದು ನಾವೆಲ್ಲ ಶಾಲೆಯಲ್ಲೇ ಕಲಿತ ಪಾಠ. ಸೆಕೆಂಡ್ ಪಿಯುಸಿ ಇಂಗ್ಲಿಷ್ ಪೇಪರಿನಲ್ಲಿ ಇಬ್ಬರ ಮಾತುಕತೆ ಕೊಟ್ಟು ‘ರಿಪೋರ್ಟ್ ಮಾಡಿ’ ಅಂತ ಕೇಳ್ತಾರೆ, ನೆನಪಿರಬೇಕು. ಅದರಲ್ಲಿ ನನಗೆ ಪೂರ್ತಿ ಅಂಕ ಬಂದಿತ್ತು. ಮನೆಯಲ್ಲಿ ರೆನ್ ಅಂಡ್ ಮಾರ್ಟಿನ್ ಗ್ರಾಮರ್ ಪುಸ್ತಕವೂ ಇತ್ತು. ಆ ರೆನ್ ಸಾಹೇಬರು ಬರೀ ವ್ಯಾಕರಣದವರಲ್ಲ, 1924ರಲ್ಲಿ ಬಂದ ‘ಬೋ ಜೆಸ್ಟ್’ ಅನ್ನೋ ಸಾಹಸ ಕಾದಂಬರಿ ಬರೆದವರೂ ಅವರೇ. ಅವರ ಕಾದಂಬರಿ ಓದದಿದ್ದರೂ ಅವರ ನಿಯಮಗಳನ್ನು ನಾನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿದ್ದೆ.

ಮತ್ತೆ ಯಾಕೆ ಎಡವಿದೆ? ಪರೀಕ್ಷೆಯಲ್ಲಿ ‘ಈಗ ಬದಲಾಯಿಸು’ ಅಂತ ಮೇಲೆ ಬರೆದಿರುತ್ತಾರೆ. ಆಫೀಸಿನಲ್ಲಿ ಯಾರೂ ಹಾಗೆ ಹಣೆಪಟ್ಟಿ ಕಟ್ಟಿ ಕೊಡುವುದಿಲ್ಲ. ‘ಮ್ಯಾನೇಜರ್ ಏನ್ ಕೇಳಿದ್ರು?’, ‘ಇಂಟರ್‌ವ್ಯೂನಲ್ಲಿ ಏನ್ ಕೇಳಿದ್ರು?’, ‘ಕ್ಲೈಂಟ್ ಏನ್ ಕೇಳ್ತಿದ್ದಾರೆ?’ ಅಂತ ದಿನಕ್ಕೆ ಹತ್ತು ಸಲ ನಮ್ಮನ್ನು ಕೇಳುತ್ತಾರೆ. ಪ್ರತಿ ಸಲವೂ ನಾವು ಮಾಡುವುದು ಅದೇ ಪಿಯುಸಿಯ ಲೆಕ್ಕ, ಆದರೆ ಲೆಕ್ಕ ಅಂತ ಗೊತ್ತಾಗದೆ.

ನಮ್ಮ ‘ಅಂತ’ದ ಲಕೋಟೆ

ಯೋಚನೆ ಮಾಡುತ್ತಾ ಹೋದಾಗ ಗೊತ್ತಾಯಿತು, ನನ್ನ ತಪ್ಪಿನ ಬೇರು ಕನ್ನಡದ ಒಂದು ಸೌಕರ್ಯದಲ್ಲಿದೆ.

ಕನ್ನಡದಲ್ಲಿ ‘ಅಂತ’ ಅನ್ನೋದು ಒಂದು ಲಕೋಟೆ ಇದ್ದ ಹಾಗೆ. ಯಾರೋ ಆಡಿದ ಮಾತನ್ನು ಇದ್ದದ್ದು ಇದ್ದ ಹಾಗೆ ಒಳಗೆ ಹಾಕಿ ಅಂಟಿಸಿ ಕೊಟ್ಟುಬಿಡಬಹುದು. ಅಡುಗೆಮನೆಯಿಂದ ಓಡಿ ಬಂದ ಮಗು ಅಪ್ಪನಿಗೆ ಹೇಳುತ್ತೆ: ‘ಅಪ್ಪಾ, ಅಮ್ಮ ಕಾಫಿ ಬೇಕಾ ಅಂತ ಕೇಳ್ತಿದಾಳೆ.’ ಅಮ್ಮನ ಬಾಯಿಂದ ಬಂದದ್ದು ‘ಕಾಫಿ ಬೇಕಾ’, ಅಪ್ಪನ ಕಿವಿಗೆ ಬಿದ್ದದ್ದೂ ‘ಕಾಫಿ ಬೇಕಾ’. ಒಂದು ಅಕ್ಷರ ಬದಲಾಗಿಲ್ಲ. ಬರೆಯುವಾಗ ‘ಅಂತ’ ಹೋಗಿ ‘ಎಂದು’ ಬರಬಹುದು, ಲಕೋಟೆಯ ಬಣ್ಣ ಬೇರೆ ಅಷ್ಟೇ.

ಇನ್ನೊಂದು ನೋಡಿ. ‘ರವಿ ನಾನು ಪಾಸಾದೆ ಅಂದ.’ ಪಾಸಾದದ್ದು ಯಾರು? ರವಿ. ಹೇಳುತ್ತಿರುವವಳು ನಾನಾದರೂ ಆ ‘ನಾನು’ ನಾನಲ್ಲ. ಕನ್ನಡದವರಿಗೆ ಇಲ್ಲಿ ಗೊಂದಲವೇ ಆಗುವುದಿಲ್ಲ. ಆದರೆ ಇದನ್ನೇ ‘ರವಿ ಸೆಡ್ ಐ ಪಾಸ್ಡ್’ ಅಂತ ಇಂಗ್ಲಿಷಿಗೆ ಹಾಕಿದರೆ ಪಾಸಾದವಳು ನಾನು! ರವಿಯ ಮಾರ್ಕ್ಸ್ ಕಾರ್ಡ್ ನನ್ನ ಕೈಗೆ ಬಂತು.

ಇಂಗ್ಲಿಷಿನಲ್ಲಿ ಈ ಲಕೋಟೆ ಇಲ್ಲ. ಬರಹದಲ್ಲಿ ಉದ್ಧರಣ ಚಿಹ್ನೆ ಇದೆ ನಿಜ, ಆದರೆ ಅದನ್ನು ಹಾಕದಿದ್ದರೆ ಒಳಗಿನ ಕಾಗದ ತೆಗೆದು ನಮ್ಮ ಕೈಬರಹದಲ್ಲಿ ಮತ್ತೆ ಬರೆದು ಕೊಡಬೇಕು. ಬರೆಯುವವರು ನಾವು, ಹಾಗಾಗಿ ‘ನಾನು’, ‘ನೀನು’, ‘ಇವತ್ತು’, ‘ಇಲ್ಲಿ’ ಎಲ್ಲವೂ ನಾವು ನಿಂತ ಜಾಗದಿಂದ ಅಳೆದದ್ದಾಗಿರಬೇಕು.

ಮತ್ತೊಂದು ಮಾತು, ಇದೇ ಮುಖ್ಯ. ಬೇರೆಯವರ ಪ್ರಶ್ನೆ ನಮ್ಮ ವಾಕ್ಯದೊಳಗೆ ಬಂದ ಮೇಲೆ ಅದು ಪ್ರಶ್ನೆಯಾಗಿ ಉಳಿಯುವುದಿಲ್ಲ. ಪ್ರಶ್ನೆಯೊಂದರ ಬಗ್ಗೆ ಸುದ್ದಿಯಾಗುತ್ತದೆ. ‘ಅವರು ಫೈಲ್ ಕೇಳಿದರು’ ಅನ್ನುವಾಗ ನಾನು ಯಾರನ್ನೂ ಏನನ್ನೂ ಕೇಳುತ್ತಿಲ್ಲ, ನಡೆದದ್ದನ್ನು ಹೇಳುತ್ತಿದ್ದೇನೆ. ಹಾಗಾಗಿ ಇಂಗ್ಲಿಷ್ ಆ ಪ್ರಶ್ನೆಯ ವೇಷ ಕಳಚಿಸಿಬಿಡುತ್ತದೆ. ಪುಸ್ತಕದ ನಿಯಮಗಳೆಲ್ಲ ಈ ಒಂದು ಮಾತಿನಿಂದಲೇ ಬರುತ್ತವೆ. ಇದು ಹೊಳೆದ ಮೇಲೆ ನನಗೆ ಬಾಯಿಪಾಠ ಬೇಕಾಗಲಿಲ್ಲ.

ಮೊದಲು ಜನ: ಯಾರು ಯಾರಿಗೆ?

ಪುಸ್ತಕಗಳಲ್ಲಿ ಇದು ಮಧ್ಯದಲ್ಲೆಲ್ಲೋ ಬರುತ್ತದೆ. ನನ್ನ ಅನುಭವದಲ್ಲಿ ಇದೇ ಮೊದಲು. ಪ್ರಶ್ನೆಯೊಳಗಿನ ‘ಐ’, ‘ಯು’, ‘ಮೈ’, ‘ಯುವರ್’ ಪ್ರತಿಯೊಂದಕ್ಕೂ ಬೆರಳಿಟ್ಟು, ‘ಇದು ನಿಜವಾಗಿ ಯಾರು?’ ಅಂತ ಕೇಳಿಕೊಳ್ಳಿ. ಆಮೇಲೆ ಈಗ ನೀವು ಯಾರ ಜೊತೆ ಮಾತಾಡುತ್ತಿದ್ದೀರೋ ಅದಕ್ಕೆ ತಕ್ಕ ಹಾಗೆ ಬದಲಾಯಿಸಿ.

ನನ್ನ ಮೇಲ್‌ನಲ್ಲಿ ಒಳಗಿನ ‘ಯು’ ಅಂದರೆ ನಮ್ಮ ಟೀಮು. ನಾನು ಆ ಟೀಮಿನವಳು. ಹಾಗಾಗಿ ಅದು ‘ವಿ’ ಆಗಬೇಕಿತ್ತು:

‘ಯು ಆಸ್ಕ್ಡ್ ವೆನ್ ವಿ ವುಡ್ ಸೆಂಡ್ ದ ಫೈಲ್.’

ಅದೇ ಪ್ರಶ್ನೆಯನ್ನು ನಮ್ಮ ಹುಡುಗನಿಗೆ ನಾನು ಹೇಳಿದ್ದರೆ, ‘ಶಿ ಆಸ್ಕ್ಡ್ ವೆನ್ ವಿ ವುಡ್ ಸೆಂಡ್ ದ ಫೈಲ್’. ಗ್ರಾಹಕರ ಕಡೆಯವರೇ ತಮ್ಮ ಬಾಸ್‌ಗೆ ಹೇಳುವುದಾದರೆ, ‘ಐ ಆಸ್ಕ್ಡ್ ವೆನ್ ದೆ ವುಡ್ ಸೆಂಡ್ ದ ಫೈಲ್’. ಒಂದೇ ಪ್ರಶ್ನೆ, ಹೇಳುವ ಬಾಯಿ ಬದಲಾದಾಗ ಮೂರು ರೂಪ. ಇದಕ್ಕೆ ಸೂತ್ರವಿಲ್ಲ. ಯಾರು ಯಾರಿಗೆ ಅಂತ ಒಂದು ಕ್ಷಣ ನಿಂತು ನೋಡುವುದೇ ಸೂತ್ರ.

ಆಮೇಲೆ ಸಾಲು: ತಿರುಗಿಸಿದ್ದನ್ನು ನೆಟ್ಟಗೆ ಮಾಡಿ

ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಬೇಕಾದರೆ ಪದಗಳು ಜಾಗ ಬದಲಾಯಿಸುತ್ತವೆ. ‘ಯು ಆರ್ ಗೋಯಿಂಗ್’ ಅನ್ನೋದು ‘ಆರ್ ಯು ಗೋಯಿಂಗ್?’ ಆಗುತ್ತದೆ. ಈ ತಿರುಗುಮುರುಗು ಪ್ರಶ್ನೆಯ ವೇಷ. ಸುದ್ದಿಯಾದ ಮೇಲೆ ವೇಷ ಬೇಡ, ಕರ್ತೃ ಮೊದಲು, ಕ್ರಿಯೆ ಆಮೇಲೆ.

‘ವೇರ್ ಆರ್ ಯು ಗೋಯಿಂಗ್?’ ಅಂತ ಅವನು ನನ್ನನ್ನು ಕೇಳಿದ್ದು ಹೀಗಾಗುತ್ತದೆ:

‘ಹಿ ಆಸ್ಕ್ಡ್ ಮಿ ವೇರ್ ಐ ವಾಸ್ ಗೋಯಿಂಗ್.’

‘ವೇರ್ ವಾಸ್ ಐ ಗೋಯಿಂಗ್’ ಅಲ್ಲ. ನಾವು ಅತಿ ಹೆಚ್ಚು ಎಡವುವ ಕಲ್ಲು ಇದೇ. ಕನ್ನಡದಲ್ಲಿ ‘ಎಲ್ಲಿಗೆ ಹೋಗ್ತಿದೀಯ’ ಅನ್ನುವ ಪ್ರಶ್ನೆಗೆ ಪದಗಳ ತಿರುಗುಮುರುಗೇ ಇಲ್ಲ. ಕಟ್ಟದ ಗಂಟನ್ನು ಬಿಚ್ಚುವ ಅಭ್ಯಾಸ ಎಲ್ಲಿಂದ ಬರಬೇಕು?

‘ಡು’, ‘ಡಸ್’, ‘ಡಿಡ್’ಗಳ ಕಥೆಯೂ ಅಷ್ಟೇ. ಕೆಲವು ಶತಮಾನಗಳ ಹಿಂದೆ ಇಂಗ್ಲಿಷ್‌ನವರು ಕ್ರಿಯಾಪದವನ್ನೇ ನೇರವಾಗಿ ಮುಂದೆ ಹಾಕಿ, ‘ನೋ ಯು ಹಿಮ್?’ ಅನ್ನೋ ಥರ ಕೇಳುತ್ತಿದ್ದರು. ಆಮೇಲಾಮೇಲೆ ಪ್ರಶ್ನೆಗೆ ಸಹಾಯಕ್ಕೆ ಅಂತ ‘ಡು’ ಬಂದು ನೆಲೆಯೂರಿತು. ಅದು ಪ್ರಶ್ನೆಗಾಗಿ ಕರೆಸಿದ ಆಳು. ಪ್ರಶ್ನೆ ಮುಗಿದ ಮೇಲೆ ಅದಕ್ಕೇನು ಕೆಲಸ? ‘ವೇರ್ ಡು ಯು ಲಿವ್?’ ಅನ್ನೋದು ‘ಶಿ ಆಸ್ಕ್ಡ್ ಮಿ ವೇರ್ ಐ ಲಿವ್ಡ್’ ಆಗುತ್ತದೆ. ‘ವೇರ್ ಡಿಡ್ ಐ ಲಿವ್’ ಅಲ್ಲ.

ಪ್ರಶ್ನೆಯ ಪದವೇ ಕರ್ತೃವಾಗಿದ್ದರೆ ಮಾತ್ರ ಬಿಚ್ಚಲು ಏನೂ ಇರುವುದಿಲ್ಲ. ‘ಹೂ ಬ್ರೋಕ್ ದ ಗ್ಲಾಸ್?’ ಅನ್ನೋದು ‘ಹಿ ಆಸ್ಕ್ಡ್ ಹೂ ಹ್ಯಾಡ್ ಬ್ರೋಕನ್ ದ ಗ್ಲಾಸ್’. ಸಾಲು ಅದೇ, ಕಾಲ ಮಾತ್ರ ಸರಿಯಿತು. ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆಯೂ ಬೇಡ, ಪೂರ್ಣವಿರಾಮ ಸಾಕು.

ನಮ್ಮ ‘ಓ’ ಸಹಾಯಕ್ಕೆ ಬರುತ್ತೆ

ಕನ್ನಡಕ್ಕೆ ಪ್ರಶ್ನೆಯ ವೇಷ ಕಳಚುವುದು ಗೊತ್ತೇ ಇಲ್ಲ ಅಂದುಕೊಳ್ಳಬೇಡಿ. ‘ಅವನು ಎಲ್ಲಿದ್ದಾನೆ?’ ಅನ್ನೋದು ಪ್ರಶ್ನೆ. ‘ಎಲ್ಲಿದ್ದಾನೋ ಗೊತ್ತಿಲ್ಲ’ ಅನ್ನೋದು ಪ್ರಶ್ನೆಯಲ್ಲ, ಹೇಳಿಕೆ. ಆ ಪುಟ್ಟ ‘ಓ’ ಬಂದು ಪ್ರಶ್ನೆಯನ್ನು ತಣ್ಣಗೆ ಮಾಡಿತು. ‘ಏನು ಹೇಳಿದಳೋ’, ‘ಯಾವಾಗ ಬರ್ತಾರೋ’, ‘ಯಾಕೆ ಬಿಟ್ಟನೋ’ ಎಲ್ಲವೂ ಹೀಗೆಯೇ.

ನಾನು ಮಾಡಿಕೊಂಡ ಉಪಾಯ ಇದು. ಮನಸ್ಸಿನಲ್ಲಿ ವಾಕ್ಯ ಬಂದಾಗ ಅದಕ್ಕೆ ‘ಓ’ ಹಚ್ಚಲು ಬರುತ್ತಾ ನೋಡುವುದು. ಬಂದರೆ ಇಂಗ್ಲಿಷಿನಲ್ಲಿ ಸಾಲು ನೆಟ್ಟಗಿರಬೇಕು. ‘ಎಲ್ಲಿದ್ದಾನೋ ಗೊತ್ತಿಲ್ಲ’ ಅಂದರೆ ‘ಐ ಡೋಂಟ್ ನೋ ವೇರ್ ಹಿ ಈಸ್’. ‘ವೇರ್ ಈಸ್ ಹಿ’ ಅಲ್ಲ.

ಹೌದು-ಇಲ್ಲ ಅನ್ನೋ ಪ್ರಶ್ನೆಗಳಿಗಂತೂ ಈ ‘ಓ’ ಇನ್ನೂ ಚೆನ್ನಾಗಿ ಹೊಂದುತ್ತೆ. ‘ಬರ್ತಾನಾ?’ ಅನ್ನೋದು ‘ಬರ್ತಾನೋ ಇಲ್ವೋ’ ಆಗುತ್ತಲ್ಲ, ಇಂಗ್ಲಿಷಿನ ‘ಇಫ್’ ಅಥವಾ ‘ವೆದರ್’ ಮಾಡುವುದು ಅದನ್ನೇ. ‘ವೆದರ್’ ಪದದ ಹಳೆಯ ಅರ್ಥವೇ ‘ಎರಡರಲ್ಲಿ ಯಾವುದು’ ಅಂತ.

‘ಡಿಡ್ ಯು ಈಟ್?’ ಅಂತ ಅತ್ತೆ ಕೇಳಿದರು ಅನ್ನಿ:

‘ಮೈ ಆಂಟ್ ಆಸ್ಕ್ಡ್ ಇಫ್ ಐ ಹ್ಯಾಡ್ ಈಟನ್.’

ಏನು, ಎಲ್ಲಿ, ಯಾಕೆ, ಹೇಗೆ ಇರುವ ಪ್ರಶ್ನೆಗೆ ಆ ಪದವೇ ಕೊಂಡಿ. ಅದಿಲ್ಲದ ಪ್ರಶ್ನೆಗೆ ‘ಇಫ್’ ಅಥವಾ ‘ವೆದರ್’ ಕೊಂಡಿ. ಎರಡಕ್ಕೂ ‘ದ್ಯಾಟ್’ ಸೇರಿಸಬಾರದು. ‘ಹಿ ಆಸ್ಕ್ಡ್ ದ್ಯಾಟ್ ವೇರ್ ಐ ವಾಸ್’ ಅಂತ ಬಾಯಿಗೆ ಬರುವುದು ಮತ್ತೆ ನಮ್ಮ ‘ಅಂತ’ದ ಕೃಪೆ. ಅದಕ್ಕೊಂದು ಇಂಗ್ಲಿಷ್ ಪದ ಹುಡುಕಿ ತಂದು ಕೂರಿಸಿಬಿಡುತ್ತೇವೆ. ಹಾಗೆಯೇ ಪ್ರಶ್ನೆಗೆ ‘ಸೆಡ್’, ‘ಟೋಲ್ಡ್’ ಬೇಡ, ‘ಆಸ್ಕ್ಡ್’ ಬೇಕು.

ಕೊನೆಗೆ ಕಾಲ

ಕೇಳಿದ್ದು ನಿನ್ನೆ, ಹೇಳುತ್ತಿರುವುದು ಇವತ್ತು. ಹಾಗಾಗಿ ಕ್ರಿಯಾಪದ ಒಂದು ಹೆಜ್ಜೆ ಹಿಂದಕ್ಕೆ ಸರಿಯುತ್ತದೆ. ‘ಈಸ್’ ಇದ್ದದ್ದು ‘ವಾಸ್’, ‘ವಿಲ್’ ಇದ್ದದ್ದು ‘ವುಡ್’, ‘ಕ್ಯಾನ್’ ಇದ್ದದ್ದು ‘ಕುಡ್’, ‘ಡಿಡ್ ಈಟ್’ ಇದ್ದದ್ದು ‘ಹ್ಯಾಡ್ ಈಟನ್’. ‘ಟುಮಾರೋ’ ಹೋಗಿ ‘ದ ನೆಕ್ಸ್ಟ್ ಡೇ’, ‘ನೌ’ ಹೋಗಿ ‘ದೆನ್’, ‘ಹಿಯರ್’ ಹೋಗಿ ‘ದೇರ್’.

ಪರೀಕ್ಷೆಯಲ್ಲಿ ಇದನ್ನು ಕಣ್ಣುಮುಚ್ಚಿ ಮಾಡಿ. ಬದುಕಿನಲ್ಲಿ ಕಣ್ಣು ತೆರೆದು ಮಾಡಿ. ಬೆಳಿಗ್ಗೆ ಬಾಸ್ ‘ಕ್ಯಾನ್ ಯು ಕಮ್ ಟುಮಾರೋ?’ ಅಂತ ಕೇಳಿದ್ದನ್ನು ಮಧ್ಯಾಹ್ನ ಗೆಳತಿಗೆ ಹೇಳುವಾಗ ನಾಳೆ ಇನ್ನೂ ನಾಳೆಯೇ. ‘ಹಿ ಆಸ್ಕ್ಡ್ ಇಫ್ ಐ ಕುಡ್ ಕಮ್ ಟುಮಾರೋ’ ಅಂದರೆ ಏನೂ ತಪ್ಪಿಲ್ಲ. ನೀವು ಅದೇ ಜಾಗದಲ್ಲಿ ಕೂತಿದ್ದರೆ ‘ಹಿಯರ್’ ಕೂಡ ‘ಹಿಯರ್’ ಆಗಿಯೇ ಇರಲಿ. ಕೇಳುವುದು ಈಗಲೇ ನಡೆಯುತ್ತಿದ್ದರೆ, ಅಂದರೆ ‘ಹಿ ಈಸ್ ಆಸ್ಕಿಂಗ್’ ಅಂತ ಶುರುವಾದರೆ, ಕಾಲ ಹಿಂದೆ ಸರಿಸುವುದೇ ಬೇಡ: ‘ಹಿ ಈಸ್ ಆಸ್ಕಿಂಗ್ ವೇರ್ ಯು ಆರ್.’

ವಿನಯಕ್ಕೂ ಇದೇ ದಾರಿ

ಇನ್ನೊಂದು ಲಾಭ ನನಗೆ ಆಮೇಲೆ ಗೊತ್ತಾದದ್ದು. ಇಂಗ್ಲಿಷಿನಲ್ಲಿ ಮೆತ್ತಗೆ ಕೇಳಬೇಕಾದಾಗ ಪ್ರಶ್ನೆಯನ್ನು ಇನ್ನೊಂದು ಪ್ರಶ್ನೆಯೊಳಗೆ ಸುತ್ತಿಡುತ್ತಾರೆ. ‘ವೇರ್ ಈಸ್ ದ ಮೀಟಿಂಗ್ ರೂಮ್?’ ಅನ್ನೋದಕ್ಕಿಂತ ‘ಕುಡ್ ಯು ಟೆಲ್ ಮಿ ವೇರ್ ದ ಮೀಟಿಂಗ್ ರೂಮ್ ಈಸ್?’ ಅನ್ನೋದು ಮೃದು. ನಾವು ‘ಸ್ವಲ್ಪ ಹೇಳ್ತೀರಾ’ ಅಂತ ಸೇರಿಸುವ ಹಾಗೆ. ಒಳಗಿನ ಪ್ರಶ್ನೆಯ ಸಾಲು ಇಲ್ಲೂ ನೆಟ್ಟಗೆ, ‘ಈಸ್’ ಕೊನೆಗೆ ಹೋಯಿತು ನೋಡಿ. ಹೊರಗಿನದು ನಿಜವಾದ ಪ್ರಶ್ನೆಯಾದ್ದರಿಂದ ಪ್ರಶ್ನಾರ್ಥಕ ಚಿಹ್ನೆ ಉಳಿಯುತ್ತದೆ. ಮೇಲ್‌ಗಳಲ್ಲಿ ‘ಪ್ಲೀಸ್ ಲೆಟ್ ಮಿ ನೋ ವೆನ್ ಯು ಆರ್ ಫ್ರೀ’ ಅಂತ ಬರೆಯುತ್ತೀರಲ್ಲ, ಅದೂ ಇದೇ ಜಾತಿ. ಅದನ್ನು ‘ವೆನ್ ಆರ್ ಯು ಫ್ರೀ’ ಅಂತ ಬರೆಯುವವರು ನಮ್ಮ ಆಫೀಸಿನಲ್ಲಿ ಈಗಲೂ ಇದ್ದಾರೆ.

ಹಾಗಂತ ಅವರನ್ನು ನೋಡಿ ನಗಬೇಡಿ. ‘ಹಿ ಆಸ್ಕ್ಡ್ ಮಿ ವಾಸ್ ಐ ಗೋಯಿಂಗ್’ ಅಂತ ಐರ್ಲೆಂಡಿನಲ್ಲಿ ಜನ ದಿನನಿತ್ಯ ಮಾತಾಡುತ್ತಾರೆ, ಅಲ್ಲಿ ಅದು ತೀರಾ ಸಹಜ. ನಮ್ಮ ದೇಶದ ಇಂಗ್ಲಿಷಿನಲ್ಲೂ ಈ ರೂಪ ಎಲ್ಲೆಡೆ ಕಿವಿಗೆ ಬೀಳುತ್ತದೆ. ಪರೀಕ್ಷೆ, ಇಂಟರ್‌ವ್ಯೂ, ಆಫೀಸಿನ ಬರಹದಲ್ಲಿ ಪುಸ್ತಕದ ರೂಪವನ್ನೇ ಬಳಸಿ. ಆದರೆ ಗೆಳೆಯರ ಜೊತೆ ಮಾತಿನ ಓಟದಲ್ಲಿ ಸಾಲು ತಪ್ಪಿದರೆ ಆಕಾಶ ಬೀಳುವುದಿಲ್ಲ, ಅರ್ಥ ತಲುಪುತ್ತದೆ. ತಪ್ಪಬಾರದ್ದು ಎರಡು: ‘ಯಾರು’ ಅನ್ನೋದು ಮತ್ತು ‘ಏನು ಕೇಳಿದರು’ ಅನ್ನೋದು. ಮೊದಲನೆಯದು ನನಗೆ ಆಫೀಸಿನಲ್ಲಿ ಗೊತ್ತಾಯಿತು. ಎರಡನೆಯದು ಅಮ್ಮನ ಜೊತೆ ಆಸ್ಪತ್ರೆಗೆ ಹೋದಾಗ. ಅದಕ್ಕೆ ಬರುವ ಮೊದಲು ಐದು ಪ್ರಶ್ನೆ ಬಿಡಿಸಿ ನೋಡಿ.

ಬಸ್ಸಲ್ಲಿ ಕೂತೇ ಮಾಡಬಹುದು

ಇವನ್ನು ಎರಡು ದಿನದ ನಂತರ ಗೆಳತಿಗೆ ಹೇಳುತ್ತಿದ್ದೀರಿ ಅಂದುಕೊಳ್ಳಿ. ಉತ್ತರ ಕೆಳಗೇ ಇದೆ, ತಕ್ಷಣ ನೋಡಬೇಡಿ.

1. ಮ್ಯಾನೇಜರ್ ನಿಮ್ಮನ್ನು: ‘ಆರ್ ಯು ಫ್ರೀ ನೌ?’
2. ಇಂಟರ್‌ವ್ಯೂನಲ್ಲಿ ನಿಮ್ಮನ್ನು: ‘ವೈ ಡಿಡ್ ಯು ಲೀವ್ ಯುವರ್ ಲಾಸ್ಟ್ ಜಾಬ್?’
3. ಪಕ್ಕದ ಮನೆಯಾಕೆ ನಿಮ್ಮನ್ನು: ‘ವೇರ್ ಡಸ್ ಯುವರ್ ಸಿಸ್ಟರ್ ವರ್ಕ್?’
4. ಗ್ರಾಹಕರು ನಿಮ್ಮ ಟೀಮನ್ನು: ‘ಕ್ಯಾನ್ ಯು ಫಿನಿಶ್ ಇಟ್ ಟುಮಾರೋ?’
5. ರೂಮ್‌ಮೇಟ್ ಎಲ್ಲರನ್ನೂ: ‘ಹೂ ಟುಕ್ ಮೈ ಚಾರ್ಜರ್?’

ಉತ್ತರ:

1. ಮೈ ಮ್ಯಾನೇಜರ್ ಆಸ್ಕ್ಡ್ ಮಿ ಇಫ್ ಐ ವಾಸ್ ಫ್ರೀ ದೆನ್.
2. ದೆ ಆಸ್ಕ್ಡ್ ಮಿ ವೈ ಐ ಹ್ಯಾಡ್ ಲೆಫ್ಟ್ ಮೈ ಲಾಸ್ಟ್ ಜಾಬ್.
3. ಶಿ ಆಸ್ಕ್ಡ್ ಮಿ ವೇರ್ ಮೈ ಸಿಸ್ಟರ್ ವರ್ಕ್ಡ್. ತಂಗಿ ಈಗಲೂ ಅಲ್ಲೇ ಕೆಲಸ ಮಾಡುತ್ತಿದ್ದರೆ ಮಾತಿನಲ್ಲಿ ‘ವರ್ಕ್ಸ್’ ಕೂಡ ನಡೆಯುತ್ತದೆ.
4. ದ ಕ್ಲೈಂಟ್ ಆಸ್ಕ್ಡ್ ಅಸ್ ಇಫ್ ವಿ ಕುಡ್ ಫಿನಿಶ್ ಇಟ್ ದ ನೆಕ್ಸ್ಟ್ ಡೇ.
5. ಶಿ ಆಸ್ಕ್ಡ್ ಹೂ ಹ್ಯಾಡ್ ಟೇಕನ್ ಹರ್ ಚಾರ್ಜರ್.

ನಾಲ್ಕನೆಯದರಲ್ಲಿ ‘ಯು’ ಹೋಗಿ ‘ವಿ’ ಬಂದದ್ದು ಗಮನಿಸಿದಿರಾ? ನನ್ನ ಮೂರು ದಿನ ಹೋದದ್ದು ಅಲ್ಲೇ.

ಅಮ್ಮ ಹೇಳದೇ ಇದ್ದದ್ದು

ಕಳೆದ ವರ್ಷ ಅಮ್ಮನನ್ನು ಊರಿಂದ ಕರೆಸಿ ಬೆಂಗಳೂರಿನಲ್ಲಿ ಡಾಕ್ಟರಿಗೆ ತೋರಿಸಿದೆ. ಬಿಪಿ ಕಡಿಮೆಯಾಗುತ್ತಿರಲಿಲ್ಲ. ಡಾಕ್ಟರಿಗೆ ಕನ್ನಡ ಬರುತ್ತಿರಲಿಲ್ಲ, ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ. ನಡುವೆ ನಾನು. ಅವರು ಚೀಟಿ ನೋಡುತ್ತಾ ನನ್ನನ್ನು ಕೇಳಿದರು:

‘ಡಸ್ ಶಿ ಮಿಸ್ ಹರ್ ಟ್ಯಾಬ್ಲೆಟ್ಸ್?’

ನಾನು ಅಮ್ಮನ ಕಡೆ ತಿರುಗಿ ಹೇಳಿದೆ: ‘ಮಾತ್ರೆ ಯಾಕೆ ಬಿಡ್ತೀಯ ಅಂತ ಕೇಳ್ತಿದಾರೆ.’

ಅಮ್ಮನ ಮುಖ ಸಣ್ಣದಾಯಿತು. ‘ಒಂದಿನಾನೂ ಬಿಟ್ಟಿಲ್ಲ ಅಂತ ಹೇಳು’ ಅಂದಳು. ಹೇಳಿದೆ. ಡಾಕ್ಟರ್ ತಲೆಯಾಡಿಸಿ, ಹಾಗಿದ್ದರೆ ಡೋಸ್ ಜಾಸ್ತಿ ಮಾಡಬೇಕಾಗುತ್ತೆ ಅಂತ ಪೆನ್ನು ತೆಗೆದರು.

ಆಗ ನನಗೆ ಆ ಹಳೆಯ ಮೇಲ್ ನೆನಪಾಯಿತು. ಡಾಕ್ಟರ್ ಕೇಳಿದ್ದು ‘ಯಾಕೆ’ ಅಂತ ಅಲ್ಲ. ಅವರದ್ದು ಹೌದು-ಇಲ್ಲದ ಪ್ರಶ್ನೆ, ‘ಬಿಡ್ತಾರೋ ಇಲ್ವೋ’ ಅಂತ ಅಷ್ಟೇ. ಅದಕ್ಕೆ ‘ಯಾಕೆ’ ಸೇರಿಸಿ ಆರೋಪ ಮಾಡಿದ್ದು ನಾನು. ಕೇಳಿದ್ದು ಡಾಕ್ಟರ್ ಅಂತ ಅಮ್ಮ ತಿಳಿದುಕೊಂಡಳು. ಆರೋಪಕ್ಕೆ ಸಿಗುವುದು ಸಮರ್ಥನೆ, ಉತ್ತರ ಅಲ್ಲ.

‘ಒಂದ್ನಿಮಿಷ’ ಅಂತ ಡಾಕ್ಟರಿಗೆ ಹೇಳಿ ಅಮ್ಮನಿಗೆ ಮತ್ತೆ ಹೇಳಿದೆ: ‘ಅಮ್ಮಾ, ನಾನೇ ತಪ್ಪು ಹೇಳ್ದೆ. ಒಂದೊಂದ್ಸಲ ಮಾತ್ರೆ ತಪ್ಪಿ ಹೋಗುತ್ತಾ ಅಂತ ಕೇಳಿದ್ರು, ಅಷ್ಟೇ. ಬೈತಿಲ್ಲ.’

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. ‘ವಾರದಲ್ಲಿ ಎರಡು ಮೂರು ದಿನ ಮರ್ತೋಗುತ್ತೆ ಕಣೇ. ಬೆಳಿಗ್ಗೆ ಹಾಲು, ತಿಂಡಿ ಅಂತ ಗಡಿಬಿಡೀಲಿ ನೆನಪೇ ಆಗಲ್ಲ. ರಾತ್ರಿ ತಗೋಬಹುದಾ ಕೇಳು’ ಅಂದಳು.

ಡಾಕ್ಟರ್ ಕಡೆ ತಿರುಗಿದೆ. ಒಂದು ಕ್ಷಣ ನಿಂತು ಯಾರು, ಯಾರಿಗೆ, ಏನು ಅಂತ ನೋಡಿಕೊಂಡೆ. ಕೇಳುತ್ತಿರುವವಳು ಅಮ್ಮ, ನಾನಲ್ಲ. ಕೇಳುತ್ತಿರುವುದು ಈಗ, ಕಾಲ ಸರಿಸುವುದು ಬೇಡ. ಹೌದು-ಇಲ್ಲದ ಪ್ರಶ್ನೆ, ‘ಇಫ್’ ಬೇಕು.

‘ಶಿ ಮಿಸಸ್ ಇಟ್ ಟೂ ಆರ್ ತ್ರೀ ಡೇಸ್ ಎ ವೀಕ್, ಡಾಕ್ಟರ್. ಶಿ ಈಸ್ ಆಸ್ಕಿಂಗ್ ಇಫ್ ಶಿ ಕ್ಯಾನ್ ಟೇಕ್ ಇಟ್ ಅಟ್ ನೈಟ್.’

ಡಾಕ್ಟರ್ ಪೆನ್ನು ಕೆಳಗಿಟ್ಟು ಮೊದಲ ಸಲ ಅಮ್ಮನನ್ನು ನೋಡಿ ನಕ್ಕರು. ನಿಮ್ಮ ಈ ಮಾತ್ರೆಯನ್ನು ರಾತ್ರಿ ತಗೊಂಡರೂ ನಡೆಯುತ್ತೆ, ಡೋಸ್ ಹಾಗೇ ಇರಲಿ, ಒಂದು ತಿಂಗಳು ತಪ್ಪಿಸದೆ ತಗೊಂಡು ಬಂದು ತೋರಿಸಿ ಅಂದರು. ನಾನು ಅದನ್ನು ಅಮ್ಮನಿಗೆ ಇದ್ದ ಹಾಗೆ ಹೇಳಿದೆ.

ಹೊರಗೆ ಬಂದು ಆಟೋಗೆ ಕಾಯುವಾಗ ಅಮ್ಮ ಕೇಳಿದಳು, ‘ಡಾಕ್ಟ್ರು ಇನ್ನೇನಾದ್ರೂ ಕೇಳಿದ್ರಾ?’

‘ಇಲ್ಲಮ್ಮ’ ಅಂದೆ. ‘ಅಷ್ಟೇ ಕೇಳಿದ್ದು.’